ಮಹಿಳಾ ಸಮಾವೇಶಕ್ಕೆ ಆಟಗಾರ್ತಿಯೊಬ್ಬರನ್ನು ಕರೆಯುವುದಾದರೆ ಯಾರನ್ನು ಕರೆಯಬೇಕು?

ಸಮಾವೇಶದ ಸಂಚಾಲಕಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ನಮ್ಮ ಪಂಚಾಯತಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕಗಳೆಲ್ಲ ಸೇರಿ ಒಂದು ಮಹಿಳಾ ಸಮಾವೇಶ ಮಾಡುವುದೆಂದು ತೀರ್ಮಾನವಾಗಿದೆ. ಪ್ರತಿ ಸಲ ನಡೆಯುವುದು ಒಂದೇ ಥರ. ಉದ್ಘಾಟನೆಗೆ ರಾಜಕೀಯದವರು, ಆಮೇಲೆ ಆರೋಗ್ಯದ ಬಗ್ಗೆ ಒಬ್ಬರು ಡಾಕ್ಟರು, ತಿರುವಾದಿರ ಕುಣಿತ, ಊಟ, ಮನೆಗೆ. ಈ ಸಲ ಆಟದ ಮೈದಾನದಲ್ಲಿ ಹೆಸರು ಮಾಡಿದ ಒಬ್ಬ ಹೆಂಗಸನ್ನು ಕರೆಸಿ ಮಾತಾಡಿಸಬೇಕು ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು. ಹುಡುಕುವ ಕೆಲಸವೂ ನನ್ನ ತಲೆಗೇ ಬಂತು!

ಕೇಳಲು ಬರುವವರು ಯಾರೆಂದರೆ ಬೀಡಿ ಕಟ್ಟುವವರು, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು, ಹೊಲಿಗೆ ಘಟಕದವರು, ಮನೆ ಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು. ಸ್ವಲ್ಪ ಕಾಲೇಜು ಹುಡುಗಿಯರೂ ಇರುತ್ತಾರೆ. ಮನೆಮಾತು ಕನ್ನಡ, ತುಳು, ಮಲಯಾಳ ಎಲ್ಲ ಉಂಟು. ಯಾರನ್ನು ಕರೆಯಬಹುದು? ಪಿ.ಟಿ. ಉಷಾ ಅವರನ್ನೇ ಕೇಳಿ ನೋಡೋಣ ಎಂದು ನಮ್ಮಲ್ಲಿ ಕೆಲವರ ಆಸೆ. ನಿಮ್ಮ ಅಭಿಪ್ರಾಯ ಹೇಳಿ.

ಅಡಿಕೆ ತೋಟ

ಅಕ್ಕ, ಬೇಸರ ಮಾಡಬೇಡಿ. ಈ ಪ್ರೇರಣಾ ಭಾಷಣ ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ. ಗುರಿ ಇರಬೇಕು, ಛಲ ಇರಬೇಕು, ಸೋಲಿಗೆ ಹೆದರಬಾರದು. ಈ ಮೂರು ಮಾತಿಗೆ ಒಂದು ಗಂಟೆ. ಜನ ಚಪ್ಪಾಳೆ ಹೊಡೆಯುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಅದೇ ಬೀಡಿ ಎಲೆ, ಅದೇ ಸಾಲದ ಕಂತು.

ನಮ್ಮ ಊರಿನವರು ರಾತ್ರಿ ಇಡೀ ಕೂತು ತಾಳಮದ್ದಳೆ ಕೇಳಿ ಬೆಳೆದವರು. ಮಾತಿನಲ್ಲಿ ಸತ್ವ ಇದೆಯಾ ಇಲ್ಲವಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಹಿಂದಿನ ಸಾಲಿನಲ್ಲಿ ಎಲೆ ಅಡಿಕೆ ಶುರು. ಆ ದುಡ್ಡಲ್ಲಿ ನಾಲ್ಕು ಹೊಲಿಗೆ ಮೆಷಿನ್ ತೆಗೆದುಕೊಳ್ಳಿ.

ಕಬಡ್ಡಿ ಪ್ರೇಮಿ

ಅಣ್ಣ, ಹೊಲಿಗೆ ಮೆಷಿನ್ ಬೇರೆ, ಇದು ಬೇರೆ.

ಸಂಚಾಲಕಿ ಅಕ್ಕ, ಅಷ್ಟು ದೂರ ಯಾಕೆ ಹೋಗುತ್ತೀರಿ? ಮಮತಾ ಪೂಜಾರಿ ಇದ್ದಾರಲ್ಲ. ಕಾರ್ಕಳ ತಾಲೂಕಿನ ಹೆರ್ಮುಂಡೆಯವರು. ನಮ್ಮ ತುಳುನಾಡಿನವರೇ. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಸಲ ಹೆಂಗಸರ ಕಬಡ್ಡಿ ಸೇರಿಸಿದರು, ಚಿನ್ನ ಗೆದ್ದ ಆ ತಂಡದಲ್ಲಿ ಅವರಿದ್ದರು. 2012ರಲ್ಲಿ ಪಟ್ನಾದಲ್ಲಿ ಹೆಂಗಸರ ಮೊದಲ ವಿಶ್ವಕಪ್ ಆಯಿತು. ಆಗ ಅವರೇ ಕ್ಯಾಪ್ಟನ್, ಫೈನಲ್‌ನಲ್ಲಿ ಇರಾನ್ ಸೋತಿತು. 2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ. ಅದೇ ವರ್ಷದ ಅರ್ಜುನ ಪ್ರಶಸ್ತಿಯೂ ಬಂತು.

ನಮ್ಮಲ್ಲಿ ಹೊನಲು ಬೆಳಕಿನ ಕಬಡ್ಡಿ ಇಲ್ಲದ ಊರು ಉಂಟಾ? ಗಂಡಸರ ಮ್ಯಾಚಿಗೆ ಹೆಂಗಸರು ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಬಂದು ನೋಡುತ್ತಾರೆ. ರೈಡ್ ಅಂದರೇನು, ಬೋನಸ್ ಅಂದರೇನು ಎಲ್ಲ ಗೊತ್ತು. ಆಟ ಗೊತ್ತಿರುವವರ ಮುಂದೆ ಆಟಗಾರ್ತಿ ಮಾತಾಡುವುದಕ್ಕೆ ಬೇರೆಯೇ ತೂಕ ಇರುತ್ತದೆ.

ಶಾರ್ಜಾದಿಂದ

ನಾನು ಉಪ್ಪಳದವನು, ಈಗ ಗಲ್ಫಿನಲ್ಲಿ. ಇಲ್ಲಿ ದೊಡ್ಡ ಕಂಪನಿಗಳ ಸಮ್ಮೇಳನಗಳಿಗೆ ಇಂಥವರನ್ನು ಕರೆಸುವುದು ಮಾಮೂಲಿ. ಅದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ಹೆಸರಾದ ಆಟಗಾರ್ತಿಯರಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ಬರುತ್ತಾರೆ. ಫೀಸು, ವಿಮಾನ, ಹೋಟೆಲು, ಜೊತೆಗೆ ಬರುವವರ ಖರ್ಚು ಎಲ್ಲ ಸೇರಿ ಒಪ್ಪಂದ. ಮಾತು ಸಾಧಾರಣ ಮುಕ್ಕಾಲು ಗಂಟೆ, ಆಮೇಲೆ ಸ್ವಲ್ಪ ಪ್ರಶ್ನೆ. ಭಾಷಣ ಮೊದಲೇ ತಯಾರಾಗಿರುತ್ತದೆ. ಹತ್ತು ಕಡೆ ಹೇಳಿದ್ದನ್ನೇ ಹನ್ನೊಂದನೇ ಕಡೆಯೂ ಹೇಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಅದು ಅವರ ವೃತ್ತಿ. ಆದರೆ ಕರೆಸುವವರು ಮೊದಲೇ ಫೋನಿನಲ್ಲಿ ಮಾತಾಡಿ, ನಮ್ಮ ಜನ ಇಂಥವರು, ಅವರಿಗೆ ಇದು ಬೇಕು ಅಂತ ಹೇಳಿದರೆ ಮಾತು ಬೇರೆಯೇ ಆಗುತ್ತದೆ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಹಾರ, ಶಾಲು, ಫಲಕ ಮಾತ್ರ ಸರಿಯಾಗಿ ತಯಾರಿರುತ್ತದೆ.

ಇನ್ನೊಂದು ವಿಷಯ. ಕೇಳುವಾಗ ಅದ್ಭುತ ಅನಿಸುವ ಕಥೆಯಲ್ಲಿ ಬಿಟ್ಟುಹೋಗುವ ಭಾಗ ಯಾವುದು ಅಂತ ನೋಡಬೇಕು. ಅರುಣಿಮಾ ಸಿನ್ಹಾ ಅವರ ಕಥೆ ಎಲ್ಲರಿಗೂ ಗೊತ್ತು. ವಾಲಿಬಾಲ್ ಆಟಗಾರ್ತಿ. 2011ರಲ್ಲಿ ಕಳ್ಳರು ಓಡುವ ರೈಲಿನಿಂದ ತಳ್ಳಿದರು, ಒಂದು ಕಾಲು ಹೋಯಿತು. 2013ರ ಮೇ 21ಕ್ಕೆ ಕೃತಕ ಕಾಲಿನಲ್ಲಿ ಎವರೆಸ್ಟ್ ಹತ್ತಿದರು. ಜನ ಇಷ್ಟನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಡುವೆ ಬಚೇಂದ್ರಿ ಪಾಲ್ ಇದ್ದಾರೆ. 1984ರಲ್ಲಿ ಎವರೆಸ್ಟ್ ಹತ್ತಿದ ಭಾರತದ ಮೊದಲ ಮಹಿಳೆ. ಅವರು ತರಬೇತಿ ಕೊಟ್ಟರು. ಹಿಂದೆ ಒಂದು ದೊಡ್ಡ ಕಂಪನಿಯ ಸಾಹಸ ತರಬೇತಿ ಕೇಂದ್ರ ಇತ್ತು. ಛಲದ ಜೊತೆ ಇಷ್ಟೆಲ್ಲ ಇತ್ತು. ನಮ್ಮ ಹೆಂಗಸರಿಗೆ ಈ ನಡುವಿನ ಭಾಗವೇ ಕೇಳಿಸಬೇಕಾದದ್ದು ಅಂತ ನನಗೆ ಅನಿಸುತ್ತದೆ.

ಪಿ.ಟಿ. ಮಾಷ್ಟ್ರು

ಶಾರ್ಜಾದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಶಾಲೆಯಲ್ಲಿ ಮಕ್ಕಳನ್ನು ಓಡಿಸುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಉಷಾ ಅವರ ವಿಷಯವನ್ನೇ ತೆಗೆದುಕೊಳ್ಳಿ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್. ಹೆಂಗಸರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. ಮೊರಾಕೊದ ನವಾಲ್ ಎಲ್ ಮುತವಕೆಲ್ ಚಿನ್ನ ಗೆದ್ದರು. ಮೂರನೆಯವರು ರುಮೇನಿಯಾದವರು, 55.41 ಸೆಕೆಂಡ್. ನಮ್ಮ ಉಷಾ 55.42. ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ಕಂಚು ತಪ್ಪಿತು. ಈ ಕಥೆಯನ್ನು ಎಲ್ಲ ವೇದಿಕೆಯಲ್ಲೂ ಹೇಳುತ್ತಾರೆ. ಹೇಳಿ, "ನೋಡಿ, ಸೋತರೂ ಎದ್ದು ನಿಂತರು, 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ" ಅಂತ ಮುಗಿಸುತ್ತಾರೆ.

ಆದರೆ ಉಷಾ ಅವರೇ ಮುಂದೆ ಒಂದು ಸಂದರ್ಶನದಲ್ಲಿ ಇನ್ನೊಂದು ವಿಷಯ ಹೇಳಿದ್ದಾರೆ. ಅಮೆರಿಕದ ಕ್ರೀಡಾಗ್ರಾಮದಲ್ಲಿ ಅವರಿಗೆ ಒಗ್ಗುವ ಊಟ ಸಿಗಲಿಲ್ಲ. ಗಂಜಿ, ಉಪ್ಪಿನಕಾಯಿಯಲ್ಲೇ ದಿನ ತೆಗೆದರು. ಕೊನೆಯ 35 ಮೀಟರ್‌ನಲ್ಲಿ ಮೈಯಲ್ಲಿ ಶಕ್ತಿ ಉಳಿಯಲಿಲ್ಲ. ಗಂಜಿ ಉಪ್ಪಿನಕಾಯಿ ಅಂದರೆ ನಮ್ಮ ಊರಿನ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ತಮಗೆ ಅದನ್ನೇ ಹಾಕಿಕೊಳ್ಳುವವರು ಎಷ್ಟು ಜನ ಇಲ್ಲ? ಸಭೆಯಲ್ಲಿ ಈ ಒಂದು ಮಾತು ಬಂದರೆ ಸಾಕು, ಮಗಳ ತಟ್ಟೆಗೆ ಒಂದು ಮೊಟ್ಟೆ ಜಾಸ್ತಿ ಬೀಳುತ್ತದೆ.

ಇನ್ನೊಂದು. ಉಷಾ ತಮ್ಮ ಊರು ಪಯ್ಯೋಳಿಯ ಮಣ್ಣಿನಿಂದ ಸುಮ್ನೆ ಹಾಗೇ ಎದ್ದು ಬಂದವರಲ್ಲ. 1976ರಲ್ಲಿ ಕೇರಳ ಸರಕಾರ ಕಣ್ಣೂರಿನಲ್ಲಿ ಹುಡುಗಿಯರಿಗಾಗಿ ಒಂದು ಕ್ರೀಡಾ ಶಾಲೆ ಶುರು ಮಾಡಿತು. ಅಲ್ಲಿ ಇರಲು ಜಾಗ, ಊಟ, ಓದು. ಅಲ್ಲೇ ಒ.ಎಂ. ನಂಬಿಯಾರ್ ಅವರಂಥ ಕೋಚ್ ಸಿಕ್ಕಿದರು. ಆ ಶಾಲೆ ಇಲ್ಲದಿದ್ದರೆ? ಅವರು ಆಮೇಲೆ ಸ್ವಂತ ಓಟದ ಶಾಲೆ ಮಾಡಿದ್ದು ಸುಮ್ನೆ ಅಲ್ಲ. ಓಟಗಾರ್ತಿ ಟಿಂಟು ಲುಕಾ ಬಂದದ್ದು ಅಲ್ಲಿಂದ.

ನಮ್ಮ ಉಪಜಿಲ್ಲಾ ಕ್ರೀಡಾಕೂಟಕ್ಕೆ ಬಂದು ನೋಡಿ. ಏಳನೇ ಕ್ಲಾಸಿನಲ್ಲಿ ಹುಡುಗರನ್ನೇ ಹಿಂದೆ ಹಾಕುತ್ತಿದ್ದ ಹುಡುಗಿ ಒಂಬತ್ತನೇ ಕ್ಲಾಸಿಗೆ ಬಂದಾಗ ಮೈದಾನದಲ್ಲಿ ಇರುವುದಿಲ್ಲ. ಕೇಳಿದರೆ "ಹೊಟ್ಟೆನೋವು ಸಾರ್" ಅನ್ನುತ್ತಾಳೆ. ಮುಟ್ಟಿನ ದಿನ ಅಂತ ನನಗೆ ಅರ್ಥ ಆಗುತ್ತದೆ, ಅವಳಿಗೆ ಹೇಳಲು ಆಗುವುದಿಲ್ಲ. ಬಟ್ಟೆ ಬದಲಿಸಲು ಕೋಣೆ ಇಲ್ಲ. ಪ್ರಾಕ್ಟೀಸ್ ಮುಗಿಯುವಾಗ ಬಸ್ಸು ಹೋಗಿರುತ್ತದೆ. ಮನೆಯಲ್ಲಿ ಟ್ಯೂಷನ್ ಅನ್ನುತ್ತಾರೆ. ಬರುವ ಆಟಗಾರ್ತಿಯ ಬಾಯಿಂದ ಈ ವಿಷಯ ತೆಗೆಸಿ. ಮುಟ್ಟಿನ ದಿನ ಏನು ಮಾಡುತ್ತಿದ್ದಿರಿ, ಕತ್ತಲಾದ ಮೇಲೆ ಮನೆಗೆ ಯಾರು ಕರೆದುಕೊಂಡು ಬರುತ್ತಿದ್ದರು, ಶೂ ಯಾರು ತೆಗೆದುಕೊಟ್ಟರು? ಪದಕ ಎಷ್ಟು ಅಂತ ಫ್ಲೆಕ್ಸಿನಲ್ಲಿ ಹಾಕಿದರೆ ಸಾಕು.

ಹಾಂ, ಉಷಾ ಅವರು ಬರುವುದು ಕಷ್ಟ. 2022ರಲ್ಲಿ ರಾಜ್ಯಸಭೆಗೆ ಹೋದರು, ಅದೇ ವರ್ಷ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆಯಾದರು. ಕೇಳಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಅಡಿಕೆ ತೋಟ

ಮಾಷ್ಟ್ರೆ, ಇದನ್ನು ನೀವೇ ಸ್ಟೇಜಿನಲ್ಲಿ ಹೇಳಬಹುದಲ್ಲ. ಫೀಸು ಬೇಡ, ವಿಮಾನ ಬೇಡ!

ಪಿ.ಟಿ. ಮಾಷ್ಟ್ರು

ನಾನು ವರ್ಷ ವರ್ಷ ಪಿ.ಟಿ.ಎ. ಮೀಟಿಂಗಿನಲ್ಲಿ ಹೇಳುತ್ತಿದ್ದೇನೆ ಮಾರಾಯ್ರೆ. ಗಂಡಸು ಮಾಷ್ಟ್ರು ಹೇಳಿದರೆ ತಾಯಂದಿರು ತಲೆ ತಗ್ಗಿಸುತ್ತಾರೆ. ದೇಶಕ್ಕೆ ಆಡಿದ ಹೆಂಗಸು ಹೇಳಿದರೆ ತಲೆ ಎತ್ತಿ ಕೇಳುತ್ತಾರೆ. ಅಷ್ಟೇ ವ್ಯತ್ಯಾಸ.

ಬಡ್ಸ್ ಶಾಲೆಯ ಅಮ್ಮ

ಬಡ್ಸ್ ಅಂದರೆ ವಿಶೇಷ ಅಗತ್ಯದ ಮಕ್ಕಳ ಶಾಲೆ. ನಾನು ಇಲ್ಲಿ ಜಾಸ್ತಿ ಬರೆಯುವವಳಲ್ಲ. ಆದರೂ ಇದು ಹೇಳಬೇಕು ಅನಿಸಿತು.

ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ಕಡೆಯವರು ನಾವು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದಿತು. ಅದೆಲ್ಲ ನಿಮಗೆ ಗೊತ್ತಿರುವುದೇ. ನನ್ನ ಮಗಳಿಗೆ ತಾನಾಗಿ ಎದ್ದು ಕೂರಲು ಆಗುವುದಿಲ್ಲ.

ಒಮ್ಮೆ ನಮ್ಮಂಥ ಅಮ್ಮಂದಿರಿಗೆ ಅಂತಲೇ ಒಂದು ಕಾರ್ಯಕ್ರಮ ಇಟ್ಟಿದ್ದರು. ಯಾರು ಇಟ್ಟದ್ದು ಅಂತ ಬೇಡ. ಬಂದ ಭಾಷಣಕಾರರು ಕೈಕಾಲು ಇಲ್ಲದೆ ಸಾಧನೆ ಮಾಡಿದವರ ಪಟ ತೋರಿಸಿ, ಮನಸ್ಸಿದ್ದರೆ ಮಾರ್ಗ ಎಂದರು. ನನಗೆ ಮನಸ್ಸು ಇಲ್ಲವಾ? ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಅವಳನ್ನು ಮಗ್ಗುಲು ಬದಲಿಸಿ ಮಲಗಿಸುವವಳು ನಾನು. ಪಕ್ಕದಲ್ಲಿ ಕೂತ ಅಕ್ಕ ಮೆಲ್ಲ ಎದ್ದು ಹೊರಗೆ ಹೋದರು. ಅವರ ಮಗ ಹೋಗಿ ಆಗ ವರ್ಷವೂ ಆಗಿರಲಿಲ್ಲ.

ಹಾಗಂತ ಕರೆಯಬೇಡಿ ಅಂತ ನಾನು ಹೇಳುವುದಿಲ್ಲ. ಮಾಲತಿ ಹೊಳ್ಳ ಅವರ ಬಗ್ಗೆ ನಾನು ಓದಿದ್ದೇನೆ. ಚಿಕ್ಕ ಮಗುವಾಗಿರುವಾಗಲೇ ಪೋಲಿಯೊ. ಮೂವತ್ತಕ್ಕಿಂತ ಜಾಸ್ತಿ ಆಪರೇಷನ್. ವೀಲ್‌ಚೇರಿನಲ್ಲಿ ಓಟ, ಗುಂಡೆಸೆತ, ಜಾವೆಲಿನ್. ಅರ್ಜುನ ಪ್ರಶಸ್ತಿ, ಪದ್ಮಶ್ರೀ. ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡೇ ಆಡಿದವರು. ನನಗೆ ಇಷ್ಟವಾದದ್ದು ಇದು ಯಾವುದೂ ಅಲ್ಲ. ಅಂಗವಿಕಲ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಮಾತೃ ಫೌಂಡೇಶನ್ ಕಟ್ಟಿ ಮಕ್ಕಳನ್ನು ಸಾಕಿದ್ದು. ಅಂಥವರು ಬಂದರೆ ನಾನು ಕೇಳುವುದು ಬೇರೆ. ಹಾಸಿಗೆ ಹುಣ್ಣು ಆಗದ ಹಾಗೆ ಹೇಗೆ ನೋಡಿಕೊಂಡಿರಿ? ಶಾಲೆಗೆ ಯಾರು ಎತ್ತಿಕೊಂಡು ಹೋಗುತ್ತಿದ್ದರು? ನನ್ನ ಕಾಲ ಆದ ಮೇಲೆ ಇವಳನ್ನು ಯಾರು ನೋಡುತ್ತಾರೆ?

ಮತ್ತೆ ಒಂದು ಸಣ್ಣ ವಿಷಯ. ನೀವು ಸಮಾವೇಶ ಮಾಡುವ ಹಾಲಿನ ವೇದಿಕೆಗೆ ಮೆಟ್ಟಿಲು ಮಾತ್ರ ಇರುವುದಾ? ವೀಲ್‌ಚೇರಿನಲ್ಲಿ ಬರುವವರನ್ನು ನಾಲ್ಕು ಗಂಡಸರು ಎತ್ತಿ ಮೇಲೆ ಕೂರಿಸಿ ಫೋಟೋ ತೆಗೆಯುವ ಹಾಗೆ ಆಗಬಾರದು.

ಸಮಾವೇಶದ ಸಂಚಾಲಕಿ

ಅಕ್ಕ, ಹಾಲಿನಲ್ಲಿ ರಾಂಪ್ ಇಲ್ಲ. ಯಾರು ಬಂದರೂ ಬಾರದಿದ್ದರೂ ಮರದ ರಾಂಪ್ ಒಂದು ಮಾಡಿಸುತ್ತೇವೆ. ನೀವು ದಯವಿಟ್ಟು ಬನ್ನಿ. ಮಗಳನ್ನು ನೋಡಿಕೊಳ್ಳಲು ನಮ್ಮ ಅಯಲ್‌ಕೂಟದಿಂದ (ನೆರೆಹೊರೆಯ ಹೆಂಗಸರ ಗುಂಪು) ಇಬ್ಬರು ಇರುತ್ತಾರೆ.

ಡಿಗ್ರಿ ಕ್ಲಾಸಿನವಳು

ನಾನು ಕಾಲೇಜು ಹುಡುಗಿ, ಸ್ವಲ್ಪ ನಮ್ಮ ಕಡೆಯಿಂದಲೂ ಹೇಳುತ್ತೇನೆ. ನಮಗೆ ತ್ಯಾಗದ ಕಥೆ ಕೇಳಿ ಕೇಳಿ ಸಾಕಾಗಿದೆ. ಎಲ್ಲವನ್ನೂ ಸಹಿಸಿಕೊಂಡು ಗೆದ್ದರು ಅಂದರೆ, ನೀನೂ ಸಹಿಸಿಕೋ ಅಂತ ಅರ್ಥ ಬರುತ್ತದೆ ಅಲ್ವಾ?

ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಉದ್ದ ಜಿಗಿತದಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದವರು. ತನಗಿರುವುದು ಒಂದೇ ಕಿಡ್ನಿ ಅಂತ ಅವರು ಹೊರಗೆ ಹೇಳಿದ್ದು 2020ರಲ್ಲಿ. ಅಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನನಗೆ ಕೇಳಬೇಕು. ಒಂದೇ ಕಿಡ್ನಿಯಲ್ಲಿ ಹಾರಿದಿರಲ್ಲ, ಭಲೇ ಅಂತ ಹೊಗಳುವವರು ಬೇಕಾದಷ್ಟು ಜನ ಇದ್ದಾರೆ.

ಜೆಮಿಮಾ ರಾಡ್ರಿಗಸ್ ಇನ್ನೂ ಇಷ್ಟ. 2025ರ ಹೆಂಗಸರ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 127 ನಾಟೌಟ್. ಮ್ಯಾಚ್ ಗೆದ್ದ ಕೂಡಲೇ ಮೈಕಿನ ಮುಂದೆ ನಿಂತು, ಈ ಟೂರ್ನಿಯಲ್ಲಿ ಹೆಚ್ಚುಕಡಿಮೆ ದಿನವೂ ಅತ್ತಿದ್ದೇನೆ, ಆತಂಕದಿಂದ ಒದ್ದಾಡಿದ್ದೇನೆ ಎಂದು ಹೇಳಿದರು. ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದದ್ದನ್ನೂ ಹೇಳಿದರು. ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ಅದನ್ನೇ ನೋಡಿದ್ದು. ಗೆದ್ದವರು ಇಷ್ಟು ಸಲೀಸಾಗಿ ಅಳುವಿನ ವಿಷಯ ಹೇಳಿದ್ದು ನಾವು ಕೇಳಿಯೇ ಇರಲಿಲ್ಲ. ಅವರನ್ನು ಕರೆಸಲು ನಮ್ಮಿಂದ ಆಗುವುದಿಲ್ಲ, ಗೊತ್ತು. ಆದರೆ ಬರುವವರು ಯಾರಾದರೂ ಸರಿ, ಆ ಥರ ಮಾತಾಡುವವರಾಗಿರಲಿ.

ನೀಲೇಶ್ವರದ ಕಡೆಯವ

ನಿಮ್ಮ ಪಟ್ಟಿಯಲ್ಲಿ ನಮ್ಮ ಜಿಲ್ಲೆಯವರೇ ಇಲ್ಲವಲ್ಲ. ಬಂಗಳಂನ ಪಿ. ಮಾಳವಿಕ ಗೊತ್ತಿಲ್ಲವಾ? ಭಾರತದ ಹೆಂಗಸರ ಫುಟ್‌ಬಾಲ್ ತಂಡದಲ್ಲಿ ಆಡಿದವರು. 2025ರಲ್ಲಿ ಥಾಯ್ಲೆಂಡಿನಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ ನಡೆಯಿತಲ್ಲ, ಮಂಗೋಲಿಯಾವನ್ನು 13-0ಯಲ್ಲಿ ಸೋಲಿಸಿದ್ದು, ಅದರಲ್ಲಿ ಒಂದು ಗೋಲು ಅವರದ್ದು. ಆಮೇಲೆ ಥಾಯ್ಲೆಂಡನ್ನೇ 2-1ರಲ್ಲಿ ಸೋಲಿಸಿ ಭಾರತ ಏಷ್ಯನ್ ಕಪ್‌ಗೆ ಹೋಯಿತು.

ಮಲಯಾಳ ಮಾತಾಡುವವರು ಅಂತ ಬಿಡಬೇಡಿ. ಜಿಲ್ಲೆ ಒಂದೇ, ರೈಲೂ ಒಂದೇ.

ಕನ್ನಡ ಟೀಚರ್

ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಭಾಷೆಯ ತೊಂದರೆ ಇದ್ದೇ ಇದೆ, ಅದನ್ನು ಈಗಲೇ ಯೋಚಿಸಬೇಕು. ಬಂದವರು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಒಂದು ವಾಕ್ಯ ಹೇಳುವುದು, ಪಕ್ಕದಲ್ಲಿ ನಿಂತವರು ಕನ್ನಡದಲ್ಲಿ ಹೇಳುವುದು. ಇದನ್ನು ನಾನು ಬೇಕಾದಷ್ಟು ಸಭೆಯಲ್ಲಿ ನೋಡಿದ್ದೇನೆ, ಮಾಡಿದ್ದೇನೆ ಕೂಡ. ಒಂದು ಗಂಟೆಯ ಭಾಷಣ ಅರ್ಧ ಗಂಟೆಗೆ ಇಳಿಯುತ್ತದೆ. ನಗುವ ಮಾತಿಗೆ ಅರ್ಧ ಜನ ಮೊದಲು ನಗುತ್ತಾರೆ, ಉಳಿದವರು ಆಮೇಲೆ. ಭಾಷಣ ಅಲ್ಲೇ ಸತ್ತಿತು.

ನನ್ನ ಸಲಹೆ: ಭಾಷಣವೇ ಬೇಡ. ವೇದಿಕೆಯಲ್ಲಿ ಎರಡು ಕುರ್ಚಿ ಹಾಕಿ ಮಾತುಕತೆ ಮಾಡಿಸಿ. ಕೇಳುವವರು ಕನ್ನಡ, ತುಳು, ಮಲಯಾಳ ಮೂರೂ ಬರುವ ಒಬ್ಬ ಹೆಂಗಸಾಗಿರಲಿ. ನಮ್ಮಲ್ಲಿ ಅಂಥವರಿಗೆ ಬರಗಾಲ ಇಲ್ಲ. ಪ್ರಶ್ನೆಯಲ್ಲೇ ಹಿಂದಿನ ಉತ್ತರದ ಸಾರ ಬಂದುಬಿಟ್ಟರೆ ಬೇರೆ ಅನುವಾದ ಬೇಕಾಗುವುದಿಲ್ಲ. ಪ್ರಶ್ನೆಗಳನ್ನು ಘಟಕಗಳಿಂದ ಮೊದಲೇ ಚೀಟಿಯಲ್ಲಿ ಬರೆಸಿ ತರಿಸಿ. ಹೆಸರು ಹಾಕುವುದು ಬೇಡ. ಮುಟ್ಟಿನ ವಿಷಯ, ಗಂಡ ಬೇಡ ಅಂದ ವಿಷಯ, ದುಡ್ಡಿನ ವಿಷಯ ಎಲ್ಲ ಚೀಟಿಯಲ್ಲಿ ಬರುತ್ತದೆ, ಮೈಕಿನಲ್ಲಿ ಬರುವುದಿಲ್ಲ. ಚೀಟಿಗಳನ್ನು ಒಂದು ವಾರ ಮೊದಲೇ ಆಟಗಾರ್ತಿಗೆ ಕಳಿಸಿ. ಯಾವುದಕ್ಕೆ ಉತ್ತರ ಹೇಳಲು ಇಷ್ಟ ಇಲ್ಲವೋ ಅದನ್ನು ಅವರು ಬಿಡಲಿ.

ಶಾರ್ಜಾದಿಂದ

ಟೀಚರ್, ಇದು ಒಳ್ಳೆಯ ಉಪಾಯ. ಬೆಳಿಗ್ಗೆಯೇ ಇಡಿ, ಊಟ ಆದ ಮೇಲೆ ಬೇಡ. ಗಣ್ಯರ ಭಾಷಣ ಮುಗಿಯುವಾಗ ಹನ್ನೆರಡೂವರೆ ಆಗಿ, ಬಂದ ಅತಿಥಿಗೆ ಹತ್ತು ನಿಮಿಷ ಉಳಿಯುವುದು ನಮ್ಮ ಊರಿನ ರೋಗ. ಅತಿಥಿಯ ಖರ್ಚಿನಲ್ಲಿ ಸ್ವಲ್ಪ ಭಾಗ ನಾವು ಇಲ್ಲಿನ ಗೆಳೆಯರು ಹಾಕುತ್ತೇವೆ.

ಕಬಡ್ಡಿ ಪ್ರೇಮಿ

ದುಡ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪಂಚಾಯತಿನ ಯೋಜನೆ ದುಡ್ಡಿನಲ್ಲಿ ನೂರಕ್ಕೆ ಹತ್ತು ಭಾಗ ಮಹಿಳಾ ಘಟಕ ಯೋಜನೆಗೆ ಇಡಲೇಬೇಕು ಅಂತ ಕೇರಳದಲ್ಲಿ ನಿಯಮ ಉಂಟು. ಅದರಲ್ಲಿ ಹುಡುಗಿಯರ ಆಟಕ್ಕೆ ಏನಾದರೂ ಕೇಳಬಹುದಲ್ಲ? ಬಟ್ಟೆ ಬದಲಿಸುವ ಕೋಣೆ, ಒಂದು ಕಬಡ್ಡಿ ಮ್ಯಾಟ್. ಅತಿಥಿ ವೇದಿಕೆಯಲ್ಲಿ ಇರುವಾಗಲೇ ಪಂಚಾಯತ್ ಅಧ್ಯಕ್ಷರ ಕೈಗೆ ಅರ್ಜಿ ಕೊಡಿ. ದೇಶಕ್ಕೆ ಆಡಿದವರ ಎದುರು ಇಲ್ಲ ಅನ್ನಲು ಬಾಯಿ ಬರುವುದಿಲ್ಲ.

2016ರಲ್ಲಿ ಪ್ರೊ ಕಬಡ್ಡಿ ಜೊತೆ ಹೆಂಗಸರ ಚಾಲೆಂಜ್ ಅಂತ ಮೂರು ತಂಡ ಮಾಡಿದರು, ಮಮತಾ ಒಂದು ತಂಡದ ಕ್ಯಾಪ್ಟನ್. ಆಮೇಲೆ ಅದು ಮುಂದುವರಿಯಲಿಲ್ಲ. ಟಿವಿಯವರು ಬಿಟ್ಟರು ಅಂತ ನಾವೂ ಬಿಡಬೇಕಾ?

ಅಡಿಕೆ ತೋಟ

ಅರ್ಜಿಯ ವಿಷಯ ಸರಿ ಕಂಡಿತು. ಭಾಷಣಕ್ಕೆ ನಾನು ಈಗಲೂ ವಿರೋಧವೇ, ಆದರೆ ಇವರು ಈಗ ಹೇಳುತ್ತಿರುವುದು ಭಾಷಣ ಅಲ್ಲವಲ್ಲ. ರಾಂಪಿಗೆ ಹಲಗೆ ನಮ್ಮಲ್ಲಿ ಉಂಟು. ಹಲಸಿನ ಮರ ಬಿದ್ದದ್ದನ್ನು ಸೀಳಿಸಿ ಇಟ್ಟಿದ್ದೇನೆ. ಆಚಾರಿಯನ್ನು ನೀವು ಹುಡುಕಿ.

ಸಮಾವೇಶದ ಸಂಚಾಲಕಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಿ.ಡಿ.ಎಸ್. (ಪಂಚಾಯತ್ ಮಟ್ಟದ ಕುಟುಂಬಶ್ರೀ ಸಮಿತಿ) ಮೀಟಿಂಗಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಮಮತಾ ಪೂಜಾರಿ ಅವರಿಗೆ ಮೊದಲು ಕೇಳುವುದು, ರೈಲ್ವೆ ಕೆಲಸದಲ್ಲಿರುವವರು, ರಜೆ ಸಿಗುತ್ತದಾ ನೋಡಬೇಕು. ಮಾಳವಿಕ ಅವರು ಊರಿನಲ್ಲಿರುವ ದಿನ ಆದರೆ ಅವರನ್ನೂ ಕರೆಯುವುದು. ಮಾಲತಿ ಹೊಳ್ಳ ಅವರಿಗೂ ಪತ್ರ ಬರೆಯುತ್ತೇವೆ, ಆದರೆ ದೊಡ್ಡ ಸಭೆಗೆ ಅಲ್ಲ. ಬಡ್ಸ್ ಶಾಲೆಯ ಅಮ್ಮಂದಿರು ಮಾತ್ರ ಅವರ ಜೊತೆ ಕೂತು ಮಾತಾಡುವ ಹಾಗೆ ಬೇರೆ ದಿನ ಇಡುವ ಅಂತ. ಎರಡು ಕುರ್ಚಿಯ ಮಾತುಕತೆಗೆ ಎಲ್ಲರೂ ಒಪ್ಪಿದರು. ಕೇಳುವವರು ನಮ್ಮ ಕನ್ನಡ ಟೀಚರೇ ಆಗಬೇಕಂತೆ. ಟೀಚರ್, ಇಲ್ಲ ಅನ್ನಬೇಡಿ.

ಗಣ್ಯರಿಗೆ ತಲಾ ಐದು ನಿಮಿಷ ಅಂತ ಬರೆದುಕೊಂಡಿದ್ದೇವೆ. ಅದು ನಡೆಯುತ್ತದೆ ಅಂತ ನನಗೇ ನಂಬಿಕೆ ಇಲ್ಲ.

ಚೀಟಿ ಬರಲು ಶುರುವಾಗಿದೆ. ಒಂದು ಓದಿ ಹೇಳುತ್ತೇನೆ: "ಮದುವೆ ಆದ ಮೇಲೆ ಓಡಲು ಶುರು ಮಾಡಬಹುದಾ? ನೈಟಿಯಲ್ಲಿ ಓಡಲು ಆಗುವುದಿಲ್ಲ, ಪ್ಯಾಂಟ್ ಹಾಕಿದರೆ ಅತ್ತೆ ಬೈಯುತ್ತಾರೆ."

ಪಿ.ಟಿ. ಮಾಷ್ಟ್ರು

ಈ ಚೀಟಿಯನ್ನು ಮೊದಲ ಪ್ರಶ್ನೆ ಮಾಡಿ.

ಮತ್ತೆ ಸಂಚಾಲಕಿಯವರೆ, ನೀವು ಇಟ್ಟ ಶನಿವಾರ ನಮ್ಮ ಉಪಜಿಲ್ಲಾ ಕ್ರೀಡಾಕೂಟ. ಓಡುವ ಹುಡುಗಿಯರೆಲ್ಲ ಅಲ್ಲಿರುತ್ತಾರೆ. ದಿನ ಬದಲಾಯಿಸಲು ಆಗುತ್ತದಾ?

ಸಮಾವೇಶದ ಸಂಚಾಲಕಿ

ಅಯ್ಯೋ ಮಾಷ್ಟ್ರೆ! ಮರುದಿನ ಭಾನುವಾರ ಹಾಲಿನಲ್ಲಿ ಮದುವೆ ಉಂಟು. ಮುಂದಿನ ಶನಿವಾರ ಖಾಲಿ ಇದೆಯಾ ಅಂತ ಇವತ್ತೇ ಕೇಳಿ ಹೇಳುತ್ತೇನೆ.